ಕ್ಯಾವಿಯರ್ ಜೊತೆಗೆ ಎರಡು ಬಾಟಲಿ

ಮಗಳ ಮದುವೆ ಮಾತಿಗೆ ಬೀಗರು ಮಧ್ಯಾಹ್ನ ಎರಡಕ್ಕೆ ಬರುವವರಿದ್ದರು. ನಾನು ಬೆಳಗ್ಗೆ ಆರಕ್ಕೇ ಎದ್ದು ಮೇಜಿನ ಬಟ್ಟೆಯನ್ನು ಮೂರು ಸಲ ಹಾಸಿ ಮೂರು ಸಲ ತೆಗೆದಿದ್ದೆ. ಉಪ್ಪು ಹಾಕಿದ ಮೀನಿನ ಮೊಟ್ಟೆ, ಅಂದರೆ ಕ್ಯಾವಿಯರಿನ ಬಗ್ಗೆ ಚಿಂತೆ ಇರಲಿಲ್ಲ. ನನ್ನ ಗಂಡ ಮತ್ವೇ ಕೆಲಸ ಮಾಡುವ ಮೀನು ಸಾಕಣೆ ಕೇಂದ್ರದಿಂದ ತಂದ ಡಬ್ಬಿ ಅದು. ಕ್ಯಾವಿಯರಿಗೇ ಹೆಸರಾದ ಅಸ್ತ್ರಖಾನಿನಲ್ಲಿ ಹುಟ್ಟಿದ ನನಗೆ ಕಾಳಿನ ಹೊಳಪು ನೋಡಿದರೆ ಸಾಕು, ಉಪ್ಪು ಎಷ್ಟು ಬಿದ್ದಿದೆ ಎಂದು ತಿಳಿಯುತ್ತದೆ. ನನ್ನನ್ನು ನಿಂತಲ್ಲಿ ನಿಲ್ಲಗೊಡದೆ ಕಾಡುತ್ತಿದ್ದದ್ದು ಅದರ ಜೊತೆ ಕುಡಿಯಲು ಏನಿಡಬೇಕು ಎಂಬುದು.

"ಸಿಹಿ ಇಲ್ಲದ ಶಾಂಪೇನ್ ಇಡಮ್ಮ ಸಾಕು," ಎಂದು ಮಗಳು ತೈಸಿಯಾ ವಾರದಿಂದ ಹೇಳುತ್ತಿದ್ದಳು. "ಸಿಹಿಯಾದ್ರೆ ಮೊಟ್ಟೆ ರುಚಿ ಸತ್ತೇ ಹೋಗತ್ತೆ." ನನ್ನ ತಾತ ದೋಣಿಯಲ್ಲಿ ಕೂತು ಕರಿ ಬ್ರೆಡ್ಡಿನ ಮೇಲೆ ಕ್ಯಾವಿಯರ್ ಬಳಿದು ಬಿಸಿ ಚಹಾ ಕುಡಿಯುತ್ತಿದ್ದ. ನನಗೆ ಎರಡೂ ಒಪ್ಪಿಗೆಯೇ. ಆದರೆ ಬೀಗರು ಆರ್ಕಿಪ್ ಸವೆಲಿಚ್ ಮೂವತ್ತು ವರ್ಷ ವೋಲ್ಗಾ ನದಿಯಲ್ಲಿ ಸರಕಿನ ಹಡಗು ನಡೆಸಿದವರು. "ಕ್ಯಾವಿಯರ್ ಇದೆಯಂತೆ? ಹಾಗಾದ್ರೆ ವೋಡ್ಕಾ ಚೆನ್ನಾಗಿ ತಣ್ಣಗಿರ್ಲಿ. ಅದಿಲ್ದೆ ಕ್ಯಾವಿಯರ್ ಅಂದ್ರೆ ಉಪ್ಪಿಲ್ಲದ ಊಟ," ಎಂದು ಫೋನಿನಲ್ಲೇ ತೀರ್ಪು ಕೊಟ್ಟುಬಿಟ್ಟಿದ್ದರು.

ಮತ್ವೇ ಹನ್ನೊಂದು ತಿಂಗಳಿಂದ ಕುಡಿದಿರಲಿಲ್ಲ. ಪಟ್ಟಣದ ಡಾಕ್ಟರ ಹತ್ತಿರ ಹೋಗಿ, ಕುಡಿತ ಬಿಡಿಸಲು ಹಾಕುವ ಕೋಡ್ ಹಾಕಿಸಿಕೊಂಡಿದ್ದ. ಸೂಜಿ ಚುಚ್ಚಿ, ಇನ್ನು ಮೇಲೆ ಒಂದು ಗುಟುಕು ಕುಡಿದರೂ ಜೀವಕ್ಕೆ ಅಪಾಯ ಎಂದು ಹೇಳಿ ಸಹಿ ಹಾಕಿಸಿಕೊಂಡು ಕಳಿಸುತ್ತಾರೆ. ಅದು ನಿಜವೋ ಬರೀ ಬೆದರಿಕೆಯೋ ದೇವರಿಗೇ ಗೊತ್ತು. ನಮಗಂತೂ ಪರೀಕ್ಷಿಸಿ ನೋಡುವ ಧೈರ್ಯವಿರಲಿಲ್ಲ.

"ಇದ್ದದ್ದನ್ನ ಇದ್ದ ಹಾಗೆ ಹೇಳಿಬಿಡಮ್ಮ. ಅದ್ರಲ್ಲಿ ನಾಚಿಕೆ ಏನು?" ಎಂದಳು ತೈಸಿಯಾ.

"ಹೇಳಿದ್ರೆ ಮುಂಚೆ ಕುಡುಕ ಆಗಿದ್ದ ಅಂತ್ಲೂ ಹೇಳಿದ ಹಾಗೇ ತಾನೆ? ಕುಡುಕನ ಮಗಳನ್ನ ಯಾರು ಸೊಸೆ ಮಾಡ್ಕೋತಾರೆ? ನೀನು ಬಾಯಿ ಮುಚ್ಕೊಂಡು ಸೌತೆಕಾಯಿ ಹೆಚ್ಚು."

ಹಾಗಾಗಿ ಉಪಾಯ ಹೂಡಿದೆ. ಒಂದೇ ತರಹದ ಎರಡು ವೋಡ್ಕಾ ಬಾಟಲಿ ತಂದು ಒಂದನ್ನು ಬಚ್ಚಲಿಗೆ ಸುರಿದು ಅದರಲ್ಲಿ ನೀರು ತುಂಬಿಸಿದೆ. ಗುರುತಿಗೆ ಅದರ ಮೇಲೆ ಅಂಟಿಸಿದ್ದ ಚೀಟಿಯ ಮೂಲೆ ಹರಿದೆ. ಮತ್ವೇಗೆ ಇದರಿಂದ, ಬೀಗರಿಗೆ ಇನ್ನೊಂದರಿಂದ ನಾನೇ ಬಗ್ಗಿಸುವುದು ಎಂದುಕೊಂಡೆ. ಮತ್ವೇ ಆ ಹರಿದ ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದ.

"ನಾಟಕ ಆಡ್ಬೇಕಾ ವಾರ್ಯಾ?"

"ಒಂದೇ ದಿನ. ಮಗಳಿಗೋಸ್ಕರ."

"ಸರಿ," ಎಂದ. ಅಷ್ಟೇ.

ಎರಡೂ ಬಾಟಲಿಗಳನ್ನು ಫ್ರಿಜ್ಜಿನ ಬಾಗಿಲಲ್ಲಿ ಇಟ್ಟು ಬ್ರೆಡ್ ತರಲು ಹೋದೆ. ಸಹಾಯಕ್ಕೆ ಬಂದಿದ್ದ ನಾದಿನಿ ಜೊಯಾಗೆ ಈ ಗುಟ್ಟು ಹೇಳಿರಲಿಲ್ಲ. ಅವಳ ಬಾಯಲ್ಲಿ ಎಳ್ಳುಕಾಳು ನೆನೆಯುವುದಿಲ್ಲ.

ಬೀಗರು ಹೊತ್ತಿಗೆ ಸರಿಯಾಗಿ ಬಂದರು. ಆರ್ಕಿಪ್ ಸವೆಲಿಚ್ ಬಾಗಿಲಲ್ಲೇ ಮತ್ವೇಯನ್ನು ತಬ್ಬಿ ಬೆನ್ನಿಗೆ ಗುದ್ದಿದರು. ಅವರ ಹೆಂಡತಿ ಲಿದಿಯಾ ಪಾವ್ಲೊವ್ನಾ ಕೇಕಿನ ಡಬ್ಬಿ ನನ್ನ ಕೈಗಿಟ್ಟು ಮೂಲೆಯಲ್ಲಿ ಕೂತರು. ಹುಡುಗ ರೊದಿಯೊನ್ ನಮ್ಮ ತೈಸಿಯಾಳ ಮುಖ ನೋಡುವುದರಲ್ಲೇ ಮುಳುಗಿದ್ದ. ಕ್ಯಾವಿಯರ್ ಬಟ್ಟಲನ್ನು ಐಸಿನ ಮೇಲಿಟ್ಟೆ. ಹೆಂಗಸರಿಗೆ ಶಾಂಪೇನ್ ಬಗ್ಗಿಸಿದೆ. ಇನ್ನು ಬಾಟಲಿ ತರೋಣವೆಂದು ಫ್ರಿಜ್ ತೆಗೆದರೆ ಬಾಗಿಲಲ್ಲಿ ಮೊಸರೊಂದೇ ಇತ್ತು.

"ವೋಡ್ಕಾನ ಫ್ರಿಜ್ಜಲ್ಲಿ ಇಡ್ತಾರಾ ಅತ್ತಿಗೆ? ನೋಡಿದವ್ರು ಏನಂತಾರೆ?" ಜೊಯಾ ಹಿಂದಿನಿಂದ ಬಂದಳು. "ಬೆಳಗ್ಗೇನೇ ಎರಡನ್ನೂ ಮೇಲೆ ಫ್ರೀಜರಿಗೆ ಹಾಕ್ದೆ. ಈಗ್ತಾನೇ ಟವಲ್ಲಲ್ಲಿ ಸುತ್ತಿ ಮೇಜಿನ ಮೇಲೆ ಇಟ್ಟು ಬಂದೆ."

 ಫ್ರೀಜರಿನಲ್ಲಿ ವೋಡ್ಕಾ ಎಣ್ಣೆಯಂತೆ ಮಂದವಾಗುತ್ತದೆ ಅಷ್ಟೇ, ಗಟ್ಟಿಯಾಗುವುದಿಲ್ಲ. ಇದು ನಮ್ಮೂರ ಮಕ್ಕಳಿಗೂ ಗೊತ್ತು. ಓಡಿದೆ. ಅಷ್ಟರಲ್ಲಿ ಆರ್ಕಿಪ್ ಸವೆಲಿಚ್ ಚೀಟಿ ಹರಿದ ಬಾಟಲಿಯನ್ನೇ ಹಿಡಿದು ಬಗ್ಗಿಸುತ್ತಿದ್ದರು. ಏನೂ ಬೀಳಲಿಲ್ಲ. ತಲೆಕೆಳಗು ಮಾಡಿ ಅಲುಗಿಸಿದರು. ಒಳಗೆ ಬೆಳ್ಳಗೆ ಕಲ್ಲಿನಂತೆ ಕೂತಿತ್ತು. 

"ಬೀಗ್ರೇ," ಎಂದು ಅವರು ನಕ್ಕರು. "ಅಂಗಡಿಯವನು ನಿಮಗೆ ಚೆನ್ನಾಗೇ ಟೋಪಿ ಹಾಕಿದಾನೆ. ಇದು ವೋಡ್ಕಾ ಅಲ್ಲ, ಐಸ್‌ಕ್ಯಾಂಡಿ. ಹೋಗ್ಲಿ ಬಿಡಿ, ಇನ್ನೊಂದು ಇದೆಯಲ್ಲ."

ಬದುಕಿದೆಯಾ ಬಡಜೀವವೇ ಎಂದುಕೊಂಡೆ. ಆದರೆ ಅವರು ಇನ್ನೊಂದು ಬಾಟಲಿ ಎತ್ತಿ ತಮ್ಮ ಲೋಟ ತುಂಬಿಸಿ, ಆಮೇಲೆ ಮತ್ವೇಯ ಲೋಟವನ್ನೂ ಅಂಚಿನವರೆಗೆ ತುಂಬಿಸಿಬಿಟ್ಟರು.

"ಮಕ್ಕಳ ಸುಖಕ್ಕೆ. ತಳ ಕಾಣ್ಬೇಕು ಬೀಗ್ರೇ, ಒಂದು ತೊಟ್ಟು ಉಳಿದ್ರೂ ಅದು ಮಕ್ಕಳ ಕಣ್ಣೀರು."

ಹೆತ್ತ ಮಗಳ ಸುಖಕ್ಕೆ ಎತ್ತಿದ ಲೋಟವನ್ನು ಅಪ್ಪನಾದವನು ಬೇಡ ಎನ್ನುವುದು ನಮ್ಮಲ್ಲಿ ಇಲ್ಲ. ಮತ್ವೇ ಲೋಟ ಹಿಡಿದ. ಕುಡಿಯಲಿಲ್ಲ, ನನ್ನ ಮುಖ ನೋಡಿದ. ಕುಡಿಯಲಾ ಎಂದು ಕೇಳುತ್ತಿದ್ದನೋ, ನೀನೇ ಹೇಳು ಎನ್ನುತ್ತಿದ್ದನೋ. ಒಂದು ಮಾತು ಸಾಕಿತ್ತು. ನಾನು ಆಡಲಿಲ್ಲ. ಒಂದೇ ಲೋಟ ತಾನೆ, ಏನಾದೀತು, ಮದುವೆ ಮಾತು ಮುರಿಯದಿದ್ದರೆ ಸಾಕು ಎಂದು ನನ್ನ ಮನಸ್ಸು ಹೇಳಿತು. ಹೌದು, ಹಾಗೇ ಹೇಳಿತು. ಅದನ್ನು ಇವತ್ತು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅವನು ನನ್ನ ಮೇಲಿಂದ ಕಣ್ಣು ತೆಗೆದು ಲೋಟವನ್ನು ಮೇಜಿನ ನಡುವೆ ಸರಿಸಿದ.

"ಅಂಗಡಿಯವನದೇನೂ ತಪ್ಪಿಲ್ಲ ಆರ್ಕಿಪ್ ಸವೆಲಿಚ್. ಆ ನೀರು ನಂದು. ಕೋಡ್ ಹಾಕಿಸ್ಕೊಂಡು ಹನ್ನೊಂದು ತಿಂಗಳಾಯ್ತು. ಅದಕ್ಕೆ ಮುಂಚೆ ಹೇಗಿದ್ದೆ ಅಂತ ಕೇಳಿದ್ರೆ ಅದನ್ನೂ ಹೇಳ್ತೀನಿ. ನಿಮಗೆ ಸಂಬಂಧ ಬೇಡ ಅನ್ಸಿದ್ರೆ ಈಗ್ಲೇ ಹೇಳಿಬಿಡಿ. ಮಗಳ ಸುಖಕ್ಕೆ ಅಂತ ಇದನ್ನ ಮಾತ್ರ ಕುಡಿಯೋಕಾಗಲ್ಲ."

ಜೊಯಾ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ತೈಸಿಯಾ ಅಪ್ಪನ ಪಕ್ಕಕ್ಕೆ ಕುರ್ಚಿ ಎಳೆದುಕೊಂಡಳು. ಸಂಬಂಧ ಮುರಿಯಿತು ಎಂದೇ ನಾನು ತಲೆ ತಗ್ಗಿಸಿದೆ.

ಆಗ ಅಲ್ಲಿಯವರೆಗೆ ತುಟಿ ಪಿಟಕ್ಕೆನ್ನದಿದ್ದ ಲಿದಿಯಾ ಪಾವ್ಲೊವ್ನಾ ಮಾತಾಡಿದರು.

"ಯಾವ ಡಾಕ್ಟ್ರು?"

"ಲಿದಾ, ಸುಮ್ನಿರು," ಎಂದರು ಆರ್ಕಿಪ್ ಸವೆಲಿಚ್.

"ಇಪ್ಪತ್ತೆಂಟು ವರ್ಷ ನಿಮ್ಮ ಬಾಟಲಿ ನೋಡ್ಕೊಂಡು ಸುಮ್ನಿದ್ದೆನಲ್ಲ, ಸಾಲ್ದಾ?" ಆಕೆ ಚೀಲದಿಂದ ಕನ್ನಡಕ ತೆಗೆದು ಹಾಕಿಕೊಂಡು ಫೋನ್ ಹಿಡಿದರು. "ವಿಳಾಸ ಹೇಳಿ. ಬರ್ಕೋತೀನಿ."

ಮತ್ವೇ ಬೀದಿ ಹೇಳಿದ, ಎಷ್ಟನೇ ಮಹಡಿ ಎಂದು ಹೇಳಿದ, ಹೋಗುವುದಕ್ಕೆ ಎರಡು ವಾರ ಮುಂಚಿನಿಂದ ಕುಡಿತ ಮುಟ್ಟಬಾರದು ಎಂದೂ ಹೇಳಿದ. ಆಕೆ ಒಂದೊಂದೇ ಅಕ್ಷರ ಒತ್ತಿ ಬರೆದುಕೊಂಡರು. ಆರ್ಕಿಪ್ ಸವೆಲಿಚ್ ಬೈಯುತ್ತಾರೆ, ಎದ್ದು ಹೋಗುತ್ತಾರೆ ಎಂದು ಕಾದೆ. ಅವರು ತಮ್ಮ ತುಂಬಿದ ಲೋಟವನ್ನು ನೋಡುತ್ತಾ ಕೂತೇ ಇದ್ದರು. ಮಗ ರೊದಿಯೊನ್ ಅವರ ಕಡೆ ನೋಡಲಿಲ್ಲ.

"ಭಯ ಆಗತ್ತಾ?" ಎಂದು ಕೊನೆಗೆ ಆರ್ಕಿಪ್ ಸವೆಲಿಚ್ ಕೇಳಿದರು, ದನಿಯೇ ಬೇರೆಯಾಗಿತ್ತು.

"ಆಗತ್ತೆ," ಎಂದ ಮತ್ವೇ. "ಸೂಜಿಗಲ್ಲ. ಆ ಬಾಗಿಲ ಮುಂದೆ ಬೆಂಚಿನ ಮೇಲೆ ಒಬ್ನೇ ಕೂತಿರ್ಬೇಕಲ್ಲ, ಅದಕ್ಕೆ. ನಾನು ಜೊತೆಗೆ ಬರ್ತೀನಿ ಬೀಗ್ರೇ."

ಅವನು ಕೋಡ್ ಹಾಕಿಸಿಕೊಳ್ಳಲು ಹೋದ ದಿನ ಬಸ್ಸಿನಲ್ಲಿ ಒಬ್ಬನೇ ಹೋಗಿ ಒಬ್ಬನೇ ಬಂದಿದ್ದ. ಯಾರಾದರೂ ನೋಡಿದರೆ ಏನೆಂದುಕೊಂಡಾರು ಎಂದು ನಾನು ಮನೆಯಲ್ಲೇ ಉಳಿದಿದ್ದೆ.