ಮೂರನೇ ಮನೆಯ ಚಿಪ್ಪು

ನನ್ನ ಬಾಯಿ ನನ್ನ ಮಾತು ಕೇಳುವುದಿಲ್ಲ. ಬಿಳಿಗೆರೆಯಲ್ಲಿ ಇದು ಎಲ್ಲರಿಗೂ ಗೊತ್ತು. ಯುಗಾದಿಯಾದ ಮಾರನೆಯ ವಾರ, ಎಣ್ಣೆ ಕೊಳ್ಳಲು ಬಂದಿದ್ದ ನಾಲ್ಕು ಜನರ ಎದುರಿಗೇ ಜೊತೆಗೆ ದುಡಿಯುತ್ತಿದ್ದ ಗಂಗಲಕ್ಷ್ಮಿಗೆ, "ಮಿಷನ್ನು ನಂದು ಕಣೇ, ನೀನು ಕೂಲಿಗೆ ಬರೋಳು" ಅಂದುಬಿಟ್ಟೆ. ಅವಳು ಸೆರಗಿಗೆ ಕೈ ಒರೆಸಿಕೊಂಡು ಹೊರಟೇಹೋದಳು. ಹುಳಿಯಾರಿನಲ್ಲಿ ಅಣ್ಣನ ಮನೆ ಸೇರಿ ಹೊಲಿಗೆಗೆ ಕೂತಳೆಂದು ಆಮೇಲೆ ತಿಳಿಯಿತು. ಆರು ವರ್ಷ ಒಂದೇ ಡಬ್ಬಿಯಲ್ಲಿ ಉಂಡವರು ನಾವು. ಅಂದಿನಿಂದ ಒಂದು ಫೋನೂ ಇಲ್ಲ.

ಮಿಷನ್ನು ಅಂದರೆ ಗಾಣದ ಕೊಬ್ಬರಿ ಎಣ್ಣೆಯನ್ನು ಗಾಜಿನ ಬಾಟಲಿಗೆ ತುಂಬುವಂಥದ್ದು. ದುಂಡನೆಯ ತಟ್ಟೆ, ಅದರಲ್ಲಿ ಬಾಟಲಿ ಕೂರಲು ಐದು ಮನೆ. ಹಿಡಿ ಒಂದು ಸಲ ಎಳೆದರೆ ತಟ್ಟೆ ಒಂದು ಮನೆ ಮುಂದೆ ಹೋಗುತ್ತದೆ. ಮೊದಲನೇ ಮನೆಗೆ ಖಾಲಿ ಬಾಟಲಿ ಇಡುವುದು, ಎರಡರಲ್ಲಿ ಎಣ್ಣೆ ಬಿದ್ದ ಮೇಲೆ ತಗಡಿನ ಮುಚ್ಚಳ ಇಡುವುದು, ಮೂರರಲ್ಲಿ ಮೇಲಿನಿಂದ ಅಚ್ಚು ಇಳಿದು ಮುಚ್ಚಳವನ್ನು ಒತ್ತಿ ಕೂರಿಸುತ್ತದೆ. ನಾನು ಬಾಟಲಿ ಇಟ್ಟು ಹಿಡಿ ಎಳೆಯುತ್ತಿದ್ದೆ, ಗಂಗಿ ಮುಚ್ಚಳ ಇಡುತ್ತಿದ್ದಳು. ಅವಳು ಹೋದಮೇಲೆ ಎರಡೂ ನಾನೇ. ಎದುರಿನ ಸ್ಟೂಲು ಖಾಲಿಯಿದ್ದರೂ ಅದನ್ನು ತೆಗೆಯಲು ಮನಸ್ಸಾಗಲಿಲ್ಲ.

ಪ್ರತಿ ವರ್ಷ ಗಂಗಿ ಮಾಡುತ್ತಿದ್ದ ಕೆಲಸ, ಈ ಸಲ ಆಯುಧಪೂಜೆಗೆಂದು ನಾನೇ ಮಿಷನ್ನನ್ನು ಬಿಚ್ಚಿ, ಸೀಗೆಪುಡಿ ಹಾಕಿ ತಿಕ್ಕಿ ತೊಳೆದು, ಕುಂಕುಮ ಹಚ್ಚಿ ಹೂ ಮುಡಿಸಿದೆ. ಹಬ್ಬ ಕಳೆದು ಕೆಲಸಕ್ಕೆ ನಿಂತರೆ ಮೂರನೇ ಮನೆಯ ಬಾಟಲಿ ಅಚ್ಚಿನ ಕೆಳಗೆ ನೆಟ್ಟಗೆ ನಿಲ್ಲದು. ಕೂದಲೆಳೆಯಷ್ಟು ವಾರೆ, ಅಷ್ಟೇ. ಅಷ್ಟಕ್ಕೇ ಮುಚ್ಚಳ ಸೊಟ್ಟಗಾಗಿ ಬಾಟಲಿಯ ಬಾಯಿ ಚಕ್ಕೆ ಏಳುತ್ತಿತ್ತು. ಬೇರೆ ಬಾಟಲಿ ಇಟ್ಟು ನೋಡಿದೆ. ಮೆಲ್ಲಗೆ ಎಳೆದು ನೋಡಿದೆ. ಬೈದೂ ನೋಡಿದೆ.

ತಿಪಟೂರಿನಿಂದ ಮೆಕ್ಯಾನಿಕ್ ಭೀಮರಾಜು ಬಂದು ಬೋಲ್ಟು ಬಿಗಿದ, ಸ್ಪ್ರಿಂಗು ಬದಲಾಯಿಸಿದ.

"ಖಾಲಿ ಇದ್ದಾಗ ನೆಟ್ಟಗೈತೆ, ತುಂಬಿ ಅಚ್ಚು ಬಿದ್ ಕೂಡ್ಲೆ ವಾಲ್ತೈತೆ. ನಂಗೆ ಗೊತ್ತಾಗ್ತಿಲ್ಲ ಕಣಕ್ಕ. ಮೊದ್ಲು ನಿಮ್ ಜೊತೆ ಇದ್ರಲ್ಲ, ಅವ್ರುನ್ನೇ ಕೇಳಿ" ಅಂದ.

ನಿಜ ಹೇಳಬೇಕೆಂದರೆ ನನಗೆ ಖುಷಿಯಾಯಿತು. ಏಳು ತಿಂಗಳು ಅವಳ ನಂಬರು ತೆಗೆದು ನೋಡಿ ನೋಡಿ ಇಟ್ಟಿದ್ದೆ. ತಪ್ಪಾಯಿತು ಅನ್ನಲು ಬಾಯಿ ಬಾರದು. ಮಿಷನ್ನು ಕೆಟ್ಟಿದೆ ಅನ್ನಲು ಬರುತ್ತದೆ.

ನಂಬರು ಒತ್ತಿದೆ. ಗಂಗಿ ಫೋನು ಎತ್ತಿದಳು. ಹಿಂದೆ ಹೊಲಿಗೆ ಮಿಷನ್ನಿನ ಸದ್ದಿತ್ತು. ನಾನು ಹೇಳುವುದನ್ನೆಲ್ಲ ಕೇಳಿ, "ಹಬ್ಬಕ್ಕೆ ಬಿಚ್ಚಿ ತೊಳೆದ್ಯಾ?" ಅಂದಳು.

"ತೊಳೆದೆ."

"ತಟ್ಟೆ ಅಡೀಲಿ, ಮೂರನೇ ಮನೆ ಹತ್ರ, ಚಿಪ್ಪಿನ ಚೂರೊಂದಿತ್ತಲ್ಲ. ಏನ್ ಮಾಡ್ದೆ?"

ಇತ್ತು. ಕರ್ರಗೆ, ಎಣ್ಣೆ ಕುಡಿದ ಚೂರು. ನಮ್ಮ ಶೆಡ್ಡಿನಲ್ಲಿ ಕಾಲಿಟ್ಟ ಕಡೆಯೆಲ್ಲ ತೆಂಗಿನ ಚಿಪ್ಪೇ. ಕಸವೆಂದು ನೀರೊಲೆಗೆ ಎಸೆದಿದ್ದೆ.

"ತಟ್ಟೆಗೂ ಅಡಿಗೂ ಮಧ್ಯೆ ಸಂದೈತೆ ಕಣಕ್ಕ. ಅಚ್ಚು ಕೂತಾಗ ತಟ್ಟೆ ಬಗ್ತದೆ. ಅದಕ್ಕೇ ಮೊದಲ್ನೇ ವರ್ಷವೇ ಚಿಪ್ಪು ಉಜ್ಜಿ ಇಟ್ಟಿದ್ದೆ."

ಆರು ವರ್ಷ ಆ ಮಿಷನ್ನು ನಿಂತಿದ್ದು ಅವಳ ಚಿಪ್ಪಿನ ಮೇಲೆ. ನಾನು ನಂದು ಅಂದಿದ್ದೆ.

"ದಪ್ಪನ್ ಚಿಪ್ಪು ತಗೊಂಡು ಕಲ್ಲಿಗೆ ಉಜ್ಜು. ಉಗುರಿನಷ್ಟು ತೆಳ್ಳಗಾಗ್ಲಿ" ಅಂದಳು.

ಫೋನನ್ನು ಸ್ಟೂಲಿನ ಮೇಲಿಟ್ಟು ಉಜ್ಜತೊಡಗಿದೆ. ಅವಳು ಫೋನು ಇಡಲಿಲ್ಲ. ನಾನೂ ಇಡು ಅನ್ನಲಿಲ್ಲ. ಈ ಕಡೆ ಕಲ್ಲಿನ ಸದ್ದು, ಆ ಕಡೆ ಹೊಲಿಗೆಯ ಸದ್ದು. ಮಾತೇ ಇಲ್ಲದೆ ಹೀಗೆ ಎದುರುಬದುರು ಕೂತು ಎಷ್ಟು ಮಧ್ಯಾಹ್ನ ಕಳೆದಿದ್ದೆವು. ಬೇಗ ತೆಳ್ಳಗಾಗದಿರಲಿ ಎಂದು ಮೆಲ್ಲಗೆ ಉಜ್ಜಿದೆ.

ಚೂರನ್ನು ತಟ್ಟೆಯಡಿ ತೂರಿಸಿ ಎಣ್ಣೆ ತುಂಬಿ ಹಿಡಿ ಎಳೆದೆ. ಟಕ್ ಎಂದು ಮುಚ್ಚಳ ಕೂತಿತು. ಇನ್ನೊಂದು, ಮತ್ತೊಂದು. ಎಲ್ಲವೂ ನೆಟ್ಟಗೆ.

"ಕೇಳಿಸ್ತು. ಸರಿಯಾಯ್ತು ಬುಡು" ಅಂದಳು. "ಇಡ್ಲಾ?"

ಇಟ್ಟರೆ ಮತ್ತೆ ಯಾವ ನೆಪ ಹುಡುಕಲಿ?

"ಸರಿಯಾಗಿಲ್ಲ ಕಣೇ ಗಂಗಿ" ಅಂದೆ. "ನೀನಿಲ್ದೆ ಏನೂ ಸರಿಯಾಗಿಲ್ಲ."

ಆ ಕಡೆ ಹೊಲಿಗೆಯ ಸದ್ದು ನಿಂತಿತು.

"ಹಂಗಾದ್ರೆ ಆ ಚಿಪ್ಪು ತೆಗೆದಿಡು" ಅಂದಳು. "ನಾಳೆ ಬೆಳಿಗ್ಗೆ ಬಸ್ಸಿಗೆ ಬತ್ತೀನಿ. ನಾನೇ ಹಾಕ್ತೀನಿ."

ತಟ್ಟೆ ಎತ್ತಿ ಚಿಪ್ಪು ತೆಗೆದು ಸೆರಗಿನ ತುದಿಗೆ ಗಂಟು ಹಾಕಿಕೊಂಡೆ. ತುಂಬಬೇಕಾದ ಬಾಟಲಿಗಳು ಇನ್ನೂ ನೂರಿದ್ದವು. ಅವತ್ತು ಮತ್ತೆ ಹಿಡಿ ಮುಟ್ಟಲಿಲ್ಲ.