ಸಾಲಿಗೊಂದೇ ಹಲಗೆ

“ನೋವಿಲ್ಲ, ಜ್ವರ ಇಲ್ಲ, ಡಾಕ್ಟರಮ್ಮನ ಹತ್ರ ಹೋಗ್ತಾಳಂತೆ ಮುಂಡೇದು. ಏನು ತೋರಿಸೋಕೆ ಹೋಗ್ತೀಯೇ?”

ಸೂಪರ್‌ವೈಸರ್ ಇದನ್ನು ಇಡೀ ಹೊಲಿಗೆ ಸಾಲಿಗೆ ಕೇಳುವಂತೆ ಅಂದ. ಅಂಗಿಗೆ ಗುಂಡಿ ಹೊಲಿಯುತ್ತಿದ್ದ ಗುಂಡಿಯಕ್ಕ ಮಿಷಿನ್ ನಿಲ್ಲಿಸಲಿಲ್ಲ.

“ನಿಮಗೆ ತೋರಿಸೋ ಅಂಥದ್ದಲ್ಲ ಬಿಡಿ ಸಾರ್.”

ಸಾಲು ಕಿಸಕ್ಕೆಂದಿತು.

ಗರ್ಭಕೋಶದ ಬಾಯಿಯ ಕ್ಯಾನ್ಸರ್ ಪರೀಕ್ಷೆ ಮಾಡುವ ವ್ಯಾನು ಕಾರ್ಖಾನೆಯ ಗೇಟಿನಾಚೆ ನಿಂತಿತ್ತು. ಸಂಜೆಗೆ ಹೊರಟುಬಿಡುವುದಿತ್ತು. ಗುಂಡಿಯಕ್ಕನ ಅಕ್ಕ ನಾಚಿಕೆಗೆ ಯಾರಲ್ಲೂ ಹೇಳಿಕೊಳ್ಳದೆ, ಹೇಳಿಕೊಂಡಾಗ ಕೈಮೀರಿ, ಹೋದ ವರ್ಷ ಅದೇ ಕ್ಯಾನ್ಸರಿನಿಂದ ಸತ್ತಿದ್ದಳು. ಅದಕ್ಕೇ ಇವಳಿಗೆ ಈ ಪರೀಕ್ಷೆ ಬೇಕಿತ್ತು. ಆದರೆ ಇಲ್ಲಿ ಕಕ್ಕಸಿಗೆ ಏಳಬೇಕೆಂದರೂ ಅಪ್ಪಣೆಯ ಗುರುತಿಗೆ ಕುತ್ತಿಗೆಗೆ ಮರದ ಹಲಗೆ ತೂಗುಹಾಕಿಕೊಳ್ಳಬೇಕು. ಸಾಲಿಗೊಂದೇ ಹಲಗೆ. ಅದು ವಾಪಸು ಬರುವ ತನಕ ಮಿಕ್ಕವರು ಕಾಲು ಬಿಗಿಹಿಡಿದು ಕೂರಬೇಕು. ಈ ಹಲಗೆ ಯಾವನ ತಲೆಯಲ್ಲಿ ಹುಟ್ಟಿತೋ, ಅವನಿಗೆ ಸಕ್ಕರೆ ಕಾಯಿಲೆ ಬರಲಿ.

ಗುಂಡಿಯಕ್ಕ ಹಲಗೆ ಹಾಕಿಕೊಂಡು ಎದ್ದಳು. ಪಕ್ಕದಲ್ಲಿ ಕಾಲರ್ ಹೊಲಿಯುವ, ಸಾಲಿನವರೆಲ್ಲ ಚಿಕ್ಕಮ್ಮ ಎನ್ನುವವಳಿಗೆ “ಸ್ವಲ್ಪ ತಡ್ಕೊಳ್ಳಿ” ಎಂದು ಕಣ್ಣು ಹೊಡೆದು, ಕಕ್ಕಸು ದಾಟಿ ಹಿಂಬಾಗಿಲಿನಿಂದ ಹೊರಬಿದ್ದು ಗೇಟಿನಾಚೆಯ ವ್ಯಾನು ಹತ್ತಿದಳು.

ನರ್ಸ್ ಔಷಧಿ ಹಚ್ಚಿ, ದೀಪ ಹಿಡಿದು ನೋಡಿದಳು.

“ಬಿಳಿ ಮಚ್ಚೆ ಇದೆ ಅಕ್ಕ. ಕ್ಯಾನ್ಸರ್ ಥರ ಕಾಣ್ತಿಲ್ಲ, ಆದ್ರೆ ಹಾಗೇ ಬಿಟ್ರೆ ಮುಂದೆ ಆಗಬಹುದು. ಈಗಲೇ ಬಿಸಿ ತಾಗಿಸಿ ಆ ಮಚ್ಚೆ ಸುಟ್ಟುಬಿಡಬಹುದು. ಸ್ವಲ್ಪ ಹೊತ್ತು ಮಲಗಿರಬೇಕು.”

ಗುಂಡಿಯಕ್ಕನಿಗೆ ಅಕ್ಕ ನೆನಪಾದಳು. “ಸುಡಮ್ಮ,” ಅಂದಳು.

ಅಷ್ಟರಲ್ಲಿ ಸೂಪರ್‌ವೈಸರ್ ಬಂದು ವ್ಯಾನಿನ ಬಾಗಿಲು ದಬದಬ ಬಡಿದ.

“ಹಲಗೆ ಕದ್ಕೊಂಡು ಇಲ್ಲಿ ಬಿದ್ಕೊಂಡಿದ್ದೀಯೇನೇ ಬೇವರ್ಸಿ? ಈಗ ಎದ್ದು ಬರದಿದ್ರೆ ನಾಳೆಯಿಂದ ಕೆಲಸ ಇಲ್ಲ.”

“ಕಾಲು ಮೇಲಿದೆ ಸಾರ್. ಇಳಿಸೋಕೆ ನರ್ಸಮ್ಮ ಬಿಡ್ತಿಲ್ಲ,” ಎಂದಳು ಗುಂಡಿಯಕ್ಕ. ಕೆಲಸ ಹೋದರೆ ಮನೆಯಲ್ಲಿ ಒಲೆ ಉರಿಯುವುದಿಲ್ಲವೆಂದು ಅವಳಿಗೆ ಗೊತ್ತಿತ್ತು. ಆದರೂ ಅವಳು ಏಳಲಿಲ್ಲ.

ಹೊರಗೆ ಚಪ್ಪಲಿಗಳ ಸದ್ದಾಯಿತು. ಚಿಕ್ಕಮ್ಮ ಮುಂದೆ, ತೋಳು ಹೊಲಿಯುವವರು, ಜೇಬು ಹೊಲಿಯುವವರು ಹಿಂದೆ, ಇಡೀ ಸಾಲೇ ಎದ್ದು ಬಂದಿತ್ತು. ಒಬ್ಬಳ ಕುತ್ತಿಗೆಯಲ್ಲೂ ಹಲಗೆ ಇರಲಿಲ್ಲ.

“ನಿಮಗೆಲ್ಲ ಏನು ರೋಗ ಬಂದಿದೆ?”

“ಬಂದಿಲ್ಲ ಸಾರ್. ಬರೋಕ್ಮುಂಚೆ ನಾವೇ ಬಂದ್ವಿ.” ಚಿಕ್ಕಮ್ಮ ಅವನ ತೋಳು ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದಳು. “ಅವಳ ಕೆಲಸ ತೆಗೆದ್ರೆ ನಾಳೆ ಗುಂಡಿ, ಕಾಲರ್, ತೋಳು ಎಲ್ಲ ನೀವೇ ಹೊಲ್ಕೊಳ್ಳಿ. ಈಗ ಬಾಗಿಲು ಬಿಡಿ, ಮುಂದಿನ ಸರದಿ ನಂದು.”