ಸೀಟಿನ ಕಿವಿ

ಅಂಚೆಯಣ್ಣ ತನ್ನ ಬೈಕಿನ ಸೀಟಿನ ಕಿವಿ ಹಿಡಿದು ಎಳೆದ. ಟಕ್ ಎಂದಿತು. ಸೀಟು ಸಲೀಸಾಗಿ ಎದ್ದು ಕೈಗೆ ಬಂತು. ಅದನ್ನು ಕಂಕುಳಲ್ಲಿಟ್ಟುಕೊಂಡು ಅಂಗಳಕ್ಕೆ ಬಂದು, ಗೋಡೆಯ ಪಕ್ಕ ನೆಲಕ್ಕೆ ಹಾಕಿ, ಅದರ ಮೇಲೆ ಕೂತು ದೊಡ್ಡದಾಗಿ ಉಸಿರುಬಿಟ್ಟ.

"ಏನಯ್ಯಾ ಇದು, ಸಾವಿನ ಮನೇಲಿ?" ಎಂದರು ಹಳೆಯ ಮೇಷ್ಟ್ರು. ಕುರ್ಚಿ ಸಿಕ್ಕ ನಾಲ್ಕಾರು ಅದೃಷ್ಟವಂತರಲ್ಲಿ ಅವರೊಬ್ಬರು.

"ಬಾಡಿಗೆಯವನು ಕಳಿಸಿರೋ ಕುರ್ಚಿ ನೋಡಿ, ಬಂದಿರೋ ಜನ ನೋಡಿ ಮೇಷ್ಟ್ರೇ. ನಿಂತೂ ನಿಂತೂ ಕಾಲು ಬಿದ್ದುಹೋಯ್ತು. ಒಳಗೆ ಮಲಗಿರೋನು ಎದ್ದು ಬಂದಿದ್ರೆ ಅವನೇ ಬೈತಿದ್ದ. 'ಅಷ್ಟು ಚೆಂದದ ಸೀಟು ಮಾಡಿಕೊಟ್ಟಿದೀನಿ, ಕೂತ್ಕೊಳ್ಳೋಕೆ ಏನೋ ರೋಗ?' ಅಂತ."

ಅಷ್ಟೇ ಸಾಕಾಯಿತು. ಬೀದಿಯುದ್ದಕ್ಕೂ ಟಕ್, ಟಕ್, ಟಕ್. ಹಾಲಿನವರು, ಬೇಕರಿಯವರು, ಕ್ಷೌರದಂಗಡಿಯವರು ಎಲ್ಲರೂ ತಂತಮ್ಮ ಗಾಡಿಯ ಕಿವಿ ಹಿಂಡಿ, ಸೀಟು ಹೊತ್ತು ತಂದರು. ನೋಡನೋಡುತ್ತಿದ್ದಂತೆ ಅಂಗಳದ ತುಂಬ ಕರಿಯ ಸೀಟುಗಳು, ಸೀಟುಗಳ ಮೇಲೆ ಅರ್ಧ ಊರು.

ಕಿಟಕಿಯ ಹಿಂದೆ ನಿಂತು ಇದನ್ನೆಲ್ಲ ನೋಡುತ್ತಿದ್ದವಳು ಸೂಜಿ, ಸತ್ತವನ ಮಗಳು. ಆ ಅಡ್ಡಹೆಸರು ಇಟ್ಟವನು ಅಪ್ಪನೇ. ಸದ್ದಿಲ್ಲದೆ ಒಳಗೆ ಹೋಗಿ ಸದ್ದಿಲ್ಲದೆ ಹೊರಗೆ ಬರುತ್ತಾಳೆ, ಆದರೆ ಕೆಲಸ ಆಗಿರುತ್ತದೆ ಎನ್ನುತ್ತಿದ್ದ. ಅಪ್ಪ ಬೈಕಿನ ಸೀಟು ಹೊಲಿಯುವವನು. ನಿನ್ನೆ ಮಧ್ಯಾಹ್ನ ಅಂಗಡಿಯಲ್ಲಿ ಫೋಮಿನ ರಾಶಿಗೆ ಒರಗಿ, "ಐದೇ ನಿಮಿಷ ಕಣೇ" ಎಂದು ಕಣ್ಣು ಮುಚ್ಚಿದವನು ಮತ್ತೆ ತೆರೆಯಲಿಲ್ಲ. ಗಿರಾಕಿಗಳಿಗೆ ಅವನು ಹೇಳುತ್ತಿದ್ದ ಐದು ನಿಮಿಷವೂ ಹೀಗೆಯೇ ಮುಗಿಯುತ್ತಿರಲಿಲ್ಲ.

"ಸೂಜಿ, ಇಲ್ಲಿ ಬಾ" ಎಂದು ಅಣ್ಣ ಅಡುಗೆಮನೆಗೆ ಕರೆದ. ಲಾರಿ ಓಡಿಸುವವನು, ರಾತ್ರಿಯೆಲ್ಲ ಓಡಿಸಿಕೊಂಡು ಬಂದಿದ್ದ, ಕಣ್ಣು ಕೆಂಪಾಗಿತ್ತು. "ಅಂಗಡೀನ ಮೆಕ್ಯಾನಿಕ್ ಮಾಮನಿಗೆ ಬಿಟ್ಟುಕೊಡೋಣ ಅಂತ ಇದೀನಿ. ಪಕ್ಕದಲ್ಲೇ ಇದಾರಲ್ಲ, ಗೋಡೆ ಒಡೆದು ಒಂದು ಮಾಡ್ಕೋತಾರಂತೆ. ಮಣ್ಣು ಮಾಡಿ ಬಂದಮೇಲೆ ಕೇಳ್ತಾರೆ, ಹ್ಞೂಂ ಅಂದುಬಿಡ್ತೀನಿ. ನೀನು ನಮ್ಮನೆಗೆ ಬಾ. ನಿಮ್ಮ ಅತ್ತಿಗೇನೂ ಅದನ್ನೇ ಹೇಳಿದಾಳೆ."

ಸೂಜಿ ಒರೆಸಿಟ್ಟಿದ್ದ ಲೋಟವನ್ನೇ ಮತ್ತೆ ಒರೆಸಿದಳು.

"ನಿನಗೆ ಹೊಲಿಯೋಕೆ ಬರಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಯಾರಾದ್ರೂ ಬಂದ್ರೆ ಪರದೆ ಹಿಂದೆ ಹೋಗಿ ನಿಂತ್ಕೋತೀಯ. ಇಷ್ಟು ದಿನ ಅಪ್ಪ ಇಬ್ಬರ ಮಾತೂ ಆಡ್ತಿದ್ದ, ನಡೀತು. ಇನ್ಮೇಲೆ? ಬೇಡ ಅನ್ನೋದಾದ್ರೆ ಬೇಡ ಅನ್ನು ಮಾರಾಯ್ತಿ. ಬಾಯಿಬಿಟ್ಟು ಅನ್ನು."

ಬೇಡ ಎನ್ನುವುದು ಗಂಟಲವರೆಗೆ ಬಂತು. ಅಲ್ಲೇ ಮಗ್ಗುಲು ಬದಲಿಸಿ ಮಲಗಿಕೊಂಡಿತು. ಅಣ್ಣ ಅವಳ ತಲೆ ಸವರಿ ಹೊರಗೆ ಹೋದ.

ಅಂಗಳದಲ್ಲಿ ಅಂಚೆಯಣ್ಣನ ದನಿ ಏರಿತ್ತು. "ಮೊದಲನೇ ಕಿವಿ ಹಾಕಿದ್ದು ಯಾರ ಗಾಡಿಗೆ? ನನ್ನ ಗಾಡಿಗೆ! ಬಿದ್ದಿದ್ದು ಯಾರು? ನಾನು!"

*

ಅದು ಸೂಜಿ ಶಾಲೆ ಬಿಟ್ಟ ವರ್ಷ. ಅಮ್ಮ ಹೋದಮೇಲೆ ಮನೆ ನೋಡುವವರಿಲ್ಲ, ಅಪ್ಪನಿಗೆ ಅಂಗಡಿಯಲ್ಲಿ ಕೈಗೆ ಕೈ ಬೇಕು. ಅವಳಿಗೂ ತರಗತಿಯಲ್ಲಿ ಎದ್ದು ನಿಂತು ಉತ್ತರ ಹೇಳುವುದಕ್ಕಿಂತ ರೆಕ್ಸಿನ್ ಕತ್ತರಿಸುವುದು ಹಿತವಾಗಿತ್ತು.

ಆಗ ಊರಿನ ಗಾಡಿಗಳ ಸೀಟಿಗೆಲ್ಲ ನಾಲ್ಕು ಬೋಲ್ಟು. ಎರಡಕ್ಕೆ ಬೆರಳು ತಾಗುತ್ತಿತ್ತು, ಇನ್ನೆರಡು ಎಲ್ಲಿವೆ ಎಂದು ದೇವರಿಗೇ ಗೊತ್ತು. ಬಿಚ್ಚಲು ಪಕ್ಕದ ಮೆಕ್ಯಾನಿಕ್ ಮಾಮ ಬರಬೇಕು. ಅವರು ಟೀ ಕುಡಿದು, ಪೇಪರಿನ ಕೊನೆಯ ಪುಟ ಓದಿ, ಕಿವಿಗೆ ಸಿಕ್ಕಿಸಿಕೊಂಡ ಬೀಡಿ ಸೇದಿ ಬರುವ ಹೊತ್ತಿಗೆ ಗಿರಾಕಿ ನಡೆದೇ ಮನೆಗೆ ಹೋಗಿರುತ್ತಿದ್ದ. ಒಂದು ದಿನ ಅಪ್ಪ ತಾನೇ ಬಿಚ್ಚಲು ಹೋಗಿ ಗೆಣ್ಣಿನ ಸಿಪ್ಪೆ ಕಿತ್ತುಕೊಂಡ.

"ಸೀಟು ಹೊಲಿಯೋಕೆ ಅರ್ಧ ದಿನ, ಬಿಚ್ಚೋಕೆ ಒಂದು ದಿನ!" ಎಂದು ಬೆರಳು ಬಾಯಲ್ಲಿಟ್ಟುಕೊಂಡೇ ಕೂಗಾಡಿದ.

ಪರದೆಯ ಹಿಂದಿನಿಂದ ಸಣ್ಣ ದನಿ ಬಂತು. "ಅಪ್ಪಾ, ಸೀಟಿಗೊಂದು ಕಿವಿ ಇದ್ದಿದ್ರೆ?"

"ಏನಂದೆ?"

"ಮೇಷ್ಟ್ರು ಕಿವಿ ಹಿಂಡಿದ್ರೆ ಎಂಥ ಮೊಂಡನಾದ್ರೂ ಎದ್ದು ನಿಲ್ತಿದ್ದ."

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕ. ನಗುತ್ತ ನಗುತ್ತಲೇ ಎದ್ದು ಮನೆಗೆ ಓಡಿದ. ಅಮ್ಮನ ಹಳೆಯ ಟ್ರಂಕಿನಿಂದ ಸ್ಪ್ರಿಂಗ್ ಚಿಲಕ ಕಿತ್ತು ತಂದ. ಸೀಟಿನ ಮುಂತುದಿ ಟ್ಯಾಂಕಿನ ಕೆಳಗೆ ನಾಲಿಗೆಯಂತೆ ತೂರಬೇಕು, ಹಿಂದುಗಡೆಯನ್ನು ಚಿಲಕ ಕಚ್ಚಿಕೊಳ್ಳಬೇಕು, ಚಿಲಕಕ್ಕೆ ಕಟ್ಟಿದ ಬೆಲ್ಟಿನ ತುಂಡು ಪಕ್ಕದಲ್ಲಿ ಇಣುಕಬೇಕು. ಆ ತುಂಡೇ ಕಿವಿ. ಎಳೆದರೆ ಚಿಲಕ ಬಿಟ್ಟು ಸೀಟು ಏಳುತ್ತದೆ. ಬೋಲ್ಟೂ ಬೇಡ, ಮಾಮನೂ ಬೇಡ.

ಮೊದಲನೆಯದು ಸ್ವಲ್ಪ ಹೆಚ್ಚೇ ಸುಲಭವಾಗಿ ಎದ್ದಿತು. ಬೇಕರಿಯ ಮುಂದಿನ ಹಂಪ್ ಹಾರಿದಾಗ ಅಂಚೆಯಣ್ಣ ಸೀಟಿನ ಸಮೇತ ರಸ್ತೆಯಲ್ಲೇ ಉಳಿದ. ಬೈಕು ತನ್ನ ಪಾಡಿಗೆ ತಾನು ಮುಂದೆ ಹೋಗಿ ಚರಂಡಿ ಸೇರಿತು. ಕಾಗದಗಳು ಊರೆಲ್ಲ ಹಾರಿದವು. ಆ ದಿನ ಜನ ತಂತಮ್ಮ ಕಾಗದ ತಾವೇ ಹೆಕ್ಕಿಕೊಂಡರು.

ಸೂಜಿ ಎರಡು ದಿನ ಚಿಲಕವನ್ನೇ ನೋಡಿದಳು. ಮೂರನೆಯ ದಿನ ಅದನ್ನು ತಿರುಗಿಸಿ ಕೂರಿಸಿದಳು. ಮೇಲೆ ಕೂತಷ್ಟೂ ಅದು ಬಿಗಿಯಾಗಿ ಕಚ್ಚತೊಡಗಿತು.

"ಇದು ನನ್ನ ಮಗಳ ತಲೆ!" ಎಂದು ಅಪ್ಪ ಬಂದವರಿಗೆಲ್ಲ ಹೇಳುತ್ತಿದ್ದ. ಮಗಳ ಮೇಲೆ ಎಷ್ಟು ಮುದ್ದು ನೋಡು ಎಂದು ಜನ ನಗುತ್ತಿದ್ದರು, ಆದರೆ ಹರಕೆ ಹೊತ್ತು ಬಂದವರಂತೆ ಎಲ್ಲರೂ ಕಿವಿ ಹಾಕಿಸಿಕೊಂಡು ಹೋಗುತ್ತಿದ್ದರು. ಹಾಕಿಸಿಕೊಳ್ಳದವರು ಒಬ್ಬರೇ.

"ಸೀಟು ಅಂದ್ರೆ ಅಲ್ಲಾಡಬಾರದು" ಎಂದಿದ್ದರು ಮೆಕ್ಯಾನಿಕ್ ಮಾಮ. "ನನ್ನ ಗಾಡಿಗೆ ಕಿವಿಯೂ ಬೇಡ, ಮೂಗೂ ಬೇಡ."

*

ಹಾಗಾಗಿ ಈ ದಿನ ಅವರೊಬ್ಬರೇ ನಿಂತಿದ್ದರು.

"ಬನ್ನಿ ಮಾಮಾ, ನನ್ನದರಲ್ಲಿ ಅರ್ಧ ಕೊಡ್ತೀನಿ" ಎಂದ ಅಂಚೆಯಣ್ಣ.

"ನನಗೆ ಕಾಲಿದೆ ಕಣಯ್ಯ."

"ಎಷ್ಟು ಹೊತ್ತು ಇರುತ್ತೆ ನೋಡೋಣ."

ಮಧ್ಯಾಹ್ನ ಅಪ್ಪನನ್ನು ಎತ್ತಿದರು. ಸ್ಮಶಾನ ಬೀದಿಯ ಕೊನೆಯಲ್ಲೇ, ಎಲ್ಲರೂ ನಡೆದೇ ಹೋದರು. ಸೂಜಿ ಗುಂಪಿನ ಕೊನೆಯಲ್ಲಿದ್ದಳು. ಮಣ್ಣು ಹಾಕುವಾಗ ಅವಳ ಬೆರಳು ಬಿಟ್ಟು ಮಣ್ಣು ಬೀಳಲೇ ಇಲ್ಲ; ನಿನ್ನೆಯ ರೆಕ್ಸಿನ್ ಅಂಟು ಇನ್ನೂ ಹೋಗಿರಲಿಲ್ಲ. ಅಣ್ಣ ಅವಳ ಕೈ ಹಿಡಿದು ಉಜ್ಜಿ ಬಿಡಿಸಿದ.

ಹಿಂತಿರುಗುವಷ್ಟರಲ್ಲಿ ನಾಲ್ಕು ಹನಿ ಬಿದ್ದು ನಿಂತಿತ್ತು. ಅಂಗಳ ಖಾಲಿ. ಜಗಲಿಯ ಮೇಲೆ ಸೀಟುಗಳು ಒಂದರ ಮೇಲೊಂದು ಸೂರು ಮುಟ್ಟುವಂತೆ ನಿಂತಿದ್ದವು. ಪಕ್ಕದಲ್ಲಿ ಸೋದರತ್ತೆ ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದಳು.

"ನೆನೆದುಹೋಗ್ತವೆ ಅಂತ ಎಲ್ಲಾ ಒಳಗೆ ಹಾಕಿದೆ. ಸೊಂಟ ಹಿಡ್ಕೊಂಡಿತು ನೋಡಿ."

"ಯಾವುದು ಯಾರದ್ದು ಅತ್ತೆ?" ಎಂದ ಅಣ್ಣ.

"ನನಗೇನು ಗೊತ್ತಪ್ಪಾ! ಎಲ್ಲಾ ಎಮ್ಮೆ ಥರ ಕಪ್ಪಗೆ ಒಂದೇ ಹಾಗಿದಾವೆ."

ಗಲಾಟೆ ಶುರುವಾಯಿತು. ಊರಲ್ಲಿ ಮುಕ್ಕಾಲುಪಾಲು ಒಂದೇ ಜಾತಿಯ ಗಾಡಿ. ಎಲ್ಲ ಸೀಟೂ ಎಲ್ಲ ಗಾಡಿಗೂ ಕೂರುವ ಹಾಗೆ ಕಾಣುತ್ತಿತ್ತು, ಆದರೆ ಚಿಲಕ ಆಯಾ ಗಾಡಿಯ ಅಳತೆಗೆ ಕೂರಿಸಿದ್ದು, ಬೇರೆಯದಕ್ಕೆ ಕಚ್ಚುತ್ತಿರಲಿಲ್ಲ. "ಇದು ನಂದು", "ನಿಂದು ಹೇಗಾಗುತ್ತೆ, ನನ್ನ ಹಿಂಭಾಗಕ್ಕೆ ಗೊತ್ತಾಗಲ್ವಾ?" ಎಂದು ಬೀದಿಯೆಲ್ಲ ಮಾತು. ಅಂಚೆಯಣ್ಣ ಸಿಕ್ಕಿದ ಸೀಟನ್ನು ತನ್ನ ಬೈಕಿಗೆ ಒತ್ತಿ, ಕಚ್ಚದಿದ್ದಾಗ ಮುಷ್ಟಿ ಎತ್ತಿ ಗುದ್ದಿದ. ಮತ್ತೊಮ್ಮೆ ಎತ್ತಿದ.

"ಅಯ್ಯೋ ಗುದ್ದಬೇಡಿ! ಚಿಲಕ ಮುರಿಯುತ್ತೆ!"

ಬೀದಿ ಗಪ್‌ಚಿಪ್. ಯಾರು ಕೂಗಿದ್ದು ಎಂದು ಎಲ್ಲರೂ ತಿರುಗಿದರು. ಸೂಜಿಯೂ ಒಂದು ಕ್ಷಣ ತಿರುಗಿ ನೋಡಿದಳು. ಹಿಂದೆ ಯಾರೂ ಇರಲಿಲ್ಲ.

ಅಡಗಿಕೊಳ್ಳಲು ಪರದೆಯೂ ಇರಲಿಲ್ಲ. ಅಂಚೆಯಣ್ಣನ ಮುಷ್ಟಿ ಮಾತ್ರ ಇನ್ನೂ ಮೇಲಿತ್ತು.

"ಅದು... ಅದು ನಿಮ್ಮದಲ್ಲ ಅಂಚೆಯಣ್ಣ. ಚೀಲ ಎಡಕ್ಕೆ ಹಾಕ್ಕೊಂಡು ನೀವು ವಾಲಿ ಕೂರ್ತೀರಿ. ಎಡಗಡೆ ತಗ್ಗಾಗಿರೋದು ನಿಮ್ಮದು. ಅಗೋ, ಕೆಳಗಿನಿಂದ ಎರಡನೇದು. ಇದು ಹಾಲಿನವರದ್ದು. ಕ್ಯಾನು ಉಜ್ಜಿ ಹಿಂದಿನ ಅಂಚು ಸವೆದಿದೆ ನೋಡಿ. ಅದನ್ನ ಎಳೀಬೇಡಿ, ಅದು ಕ್ಷೌರದಂಗಡಿಯವರದ್ದು. ಹೊಲಿಗೇಲಿ ಕೂದಲು ಸಿಕ್ಕೊಂಡಿದೆ."

ಒಂದೊಂದೇ ಗಾಡಿ ಟಕ್ ಎನ್ನತೊಡಗಿತು. ಬೇಕರಿಯವರ ಸೀಟು ಬಂದಾಗ ಮಾತ್ರ ಅವಳು ಗುರುತು ಹೇಳದೆ ಕೈಗಿತ್ತಳು. ಅದರ ನಡುವೆ ಹಳ್ಳ ತೋಡಿ ಮೆತ್ತನೆಯ ಫೋಮು ತುಂಬಿಸಿದ್ದು ಯಾಕೆ ಎಂದು ಅವರಿಗೆ, ಅವಳಿಗೆ ಮತ್ತು ಡಾಕ್ಟರಿಗೆ ಮಾತ್ರ ಗೊತ್ತಿತ್ತು.

"ಎಲ್ಲಾ ನೀನೇ ಹೊಲಿದಿದ್ದಾ ಮಗೂ?" ಎಂದರು ಮೇಷ್ಟ್ರು.

"ಹ್ಞೂಂ."

"ಹಾಗಾದ್ರೆ ಆ ಕಿವಿ? ನಿಮ್ಮಪ್ಪ ಹೇಳ್ತಿದ್ದದ್ದು ನಿಜಾನಾ?"

"ಅದು ನೀವು ಕಲಿಸಿದ್ದು ಮೇಷ್ಟ್ರೇ." ಸೂಜಿ ತನ್ನ ಕಿವಿ ಮುಟ್ಟಿಕೊಂಡು, "ಹಿಂಡಿದ್ರೆ ಏಳ್ತಾರೆ ಅಂತ."

ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅರ್ಥವಾದಮೇಲೆ ಹೊಟ್ಟೆ ಹಿಡಿದುಕೊಂಡರು. "ಅಷ್ಟು ವರ್ಷ ಹಿಂಡಿದ್ದಕ್ಕೆ ಒಂದಾದ್ರೂ ಉಪಯೋಗಕ್ಕೆ ಬಂತಲ್ಲಪ್ಪಾ!" ಬೀದಿಗೆ ಬೀದಿಯೇ ನಕ್ಕಿತು. ಸಾವಿನ ಮನೆ ಎಂಬುದು ನೆನಪಾಗಿ ನಿಲ್ಲಿಸಿತು. ಅತ್ತೆಗೆ ತಡೆಯಲಾಗದೆ ಕಿಸಕ್ಕೆಂದಾಗ ಮತ್ತೆ ಶುರುವಾಯಿತು.

ಅಣ್ಣ ಪಕ್ಕಕ್ಕೆ ಬಂದು ನಿಂತ. ಆಚೆ ಮೆಕ್ಯಾನಿಕ್ ಮಾಮ ಇವರನ್ನೇ ನೋಡುತ್ತಿದ್ದರು.

"ಅಣ್ಣಾ" ಎಂದಳು ಸೂಜಿ. ಬೆಳಿಗ್ಗೆ ಗಂಟಲಲ್ಲಿ ಮಲಗಿದ್ದು ಎದ್ದು ಕೂತಿತ್ತು. "ಬೇಡ."

ಅಣ್ಣ ಅವಳನ್ನು ನೋಡಿದ. ಆಮೇಲೆ ತಲೆ ಕೆರೆದುಕೊಳ್ಳುತ್ತ ಮಾಮನ ಹತ್ತಿರ ಹೋದ. "ಮಾಮಾ, ಆ ಅಂಗಡಿ ವಿಷಯ..."

"ಯಾವ ಅಂಗಡಿ? ಯಾವ ವಿಷಯ?" ಎಂದರು ಮಾಮ. "ನನಗೆ ಕೆಲಸ ಇದೆ." ಸರಸರ ಹೊರಟುಹೋದರು.

ಸಂಜೆ ಸೂಜಿಗೆ ನೆನಪಾಯಿತು: ಅಂಗಡಿಯ ಫ್ಯಾನು ನಿನ್ನೆಯಿಂದ ತಿರುಗುತ್ತಲೇ ಇರಬೇಕು. ಬೀಗದ ಕೈ ಹಿಡಿದು ಹೋದಳು.

ಷಟರಿಗೆ ಒಂದು ಸೀಟು ಒರಗಿ ನಿಂತಿತ್ತು. ಹಳೆಯದು, ಬಿರುಕು ಬಿಟ್ಟದ್ದು, ಕಿವಿಯಿಲ್ಲದ್ದು. ಅದರ ಮುಂದೆ ಮೆಟ್ಟಿಲ ಮೇಲೆ ನಾಲ್ಕು ಬೋಲ್ಟುಗಳನ್ನು ಸಾಲಾಗಿ ಇಟ್ಟಿತ್ತು, ಗ್ರೀಸು ಒರೆಸಿ.

ಅವಳು ತಿರುಗಿ ನೋಡಿದಳು. ಬೀದಿಯ ತುದಿಯಲ್ಲಿ ಮೆಕ್ಯಾನಿಕ್ ಮಾಮ ಸೀಟಿಲ್ಲದ ಬೈಕಿನ ಮೇಲೆ ನಿಂತುಕೊಂಡೇ ಮನೆಗೆ ಹೋಗುತ್ತಿದ್ದರು. ಬೇಕರಿಯ ಮುಂದಿನ ಹಂಪ್ ಬಂದಾಗ ಇನ್ನೊಂದಿಷ್ಟು ಎದ್ದು ನಿಂತರು.